ತೀರಿಹೋದ ತಂದೆಯ ಹೆಸರಿಗೆ ತೆರಿಗೆ ನೋಟಿಸ್: ಹೈಕೋರ್ಟಿಗೆ ಹೋಗುವ ಮುನ್ನ

ಪ್ರಶ್ನೆ: ನಮ್ಮದು ರಾಣೆಬೆನ್ನೂರು ತಾಲ್ಲೂಕಿನ ಒಂದು ಹಳ್ಳಿ. ನಮ್ಮ ತಂದೆಯವರು ಪಿತ್ರಾರ್ಜಿತವಾಗಿ ಬಂದಿದ್ದ 2 ಎಕರೆ 20 ಗುಂಟೆ ಹೊಲವನ್ನು 2019ರ ಫೆಬ್ರುವರಿಯಲ್ಲಿ 58 ಲಕ್ಷ ರೂಪಾಯಿಗೆ ಮಾರಿದರು. ಹಣವೆಲ್ಲ ಬ್ಯಾಂಕಿನ ಮೂಲಕವೇ ಬಂತು. ಬೇರೆ ಆದಾಯ ಇಲ್ಲದ ಕಾರಣ ಅವರು ಎಂದೂ ರಿಟರ್ನ್ ಸಲ್ಲಿಸಿದವರಲ್ಲ. 2021ರ ಆಗಸ್ಟ್‌ನಲ್ಲಿ ತೀರಿಕೊಂಡರು. ಈಗ ಅವರ ಹೆಸರಿಗೇ ಅಂಚೆಯಲ್ಲಿ, ವಿವರ ಮತ್ತು ದಾಖಲೆ ಕೇಳುವ ಆದಾಯ ತೆರಿಗೆಯ 142(1) ನೋಟಿಸ್ ಬಂದಿದೆ. 2025ರ ಮಾರ್ಚ್ 27ರಂದು ಕೇಸ್ ಯಾಕೆ ತೆರೆಯಬಾರದು ಎಂದು ಕೇಳುವ 148ಎ ನೋಟಿಸ್ ಕೊಟ್ಟೆವು, ಉತ್ತರ ಬರಲಿಲ್ಲ, ಜೂನ್ 26ರಂದು ಆದೇಶ ಮಾಡಿ ಹಳೆಯ ವರ್ಷದ ಕೇಸ್ ಮತ್ತೆ ತೆರೆಯುವ 148 ನೋಟಿಸ್ ಕಳಿಸಿದೆವು ಎಂದು ಅದರಲ್ಲಿ ಬರೆದಿದ್ದಾರೆ. ಅವೆಲ್ಲ ಹೋಗಿರುವುದು ಪಾನ್ ಮಾಡಿಸುವಾಗ ಸೈಬರ್ ಸೆಂಟರಿನವರು ಹಾಕಿದ್ದ ಇ-ಮೇಲಿಗೆ. ಆಡಿಟರು "ತಂದೆಯ ಪಾನ್‌ನಲ್ಲೇ ಒಂದು ರಿಟರ್ನ್ ಹಾಕಿ, ತೆರಿಗೆ ಕಟ್ಟಿ ಮುಗಿಸೋಣ" ಅನ್ನುತ್ತಾರೆ. ಪರಿಚಯದ ವಕೀಲರು "ನೇರ ಹೈಕೋರ್ಟಿಗೆ ಹೋಗಿ, ಮೊದಲ ದಿನವೇ ರದ್ದಾಗುತ್ತದೆ" ಅನ್ನುತ್ತಾರೆ. ಮನೆಯಲ್ಲಿ ತಾಯಿ, ನಾನು, ಮದುವೆಯಾದ ತಂಗಿ ಇದ್ದೇವೆ. ಯಾರ ಮಾತು ಕೇಳಲಿ ಸರ್?

ಉತ್ತರ: ಈ ವಾರದ ಮಟ್ಟಿಗೆ ಇಬ್ಬರ ಮಾತನ್ನೂ ಕೇಳಬೇಡಿ. ಆಡಿಟರ ಸಲಹೆ ಹೆಚ್ಚು ಅಪಾಯದ್ದು, ಹಾಗಾಗಿ ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ತೀರಿಹೋದವರ ಪಾನ್‌ನಲ್ಲಿ, ಅವರು ಬದುಕಿದ್ದಾರೆ ಎಂಬಂತೆ ರಿಟರ್ನ್ ಸಲ್ಲಿಸುವುದು ಮೊದಲೇ ತಪ್ಪು. ಅದಲ್ಲದೆ, ನೋಟಿಸೇ ಸತ್ತವರ ಹೆಸರಿಗೆ ಹೊರಟಿದೆ ಎಂಬ ನಿಮ್ಮ ದೊಡ್ಡ ಹಿಡಿತ ಆ ಒಂದು ರಿಟರ್ನಿನಿಂದ ಸಡಿಲವಾಗುತ್ತದೆ. 1996ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇಂಥದೇ ಪ್ರಕರಣ ಬಂದಿತ್ತು. ತೀರಿಕೊಂಡವರ ವಾರಸುದಾರರಲ್ಲೊಬ್ಬರು ಯಾವ ತಕರಾರೂ ಇಲ್ಲದೆ ರಿಟರ್ನ್ ಸಲ್ಲಿಸಿದ್ದರು. ಉಳಿದ ವಾರಸುದಾರರಿಗೆ ನೋಟಿಸ್ ಹೋಗಿರಲಿಲ್ಲ, ಆದ್ದರಿಂದ ಆದೇಶವೇ ಶೂನ್ಯ ಎಂಬುದು ಆಮೇಲಿನ ವಾದ. ಅದು ಕಾರ್ಯವಿಧಾನದ ಲೋಪವಷ್ಟೇ, ಆದೇಶವನ್ನೇ ಇಲ್ಲವಾಗಿಸುವ ದೋಷವಲ್ಲ ಎಂದಿತು ಕೋರ್ಟ್. ಸುಮ್ಮನೆ ಒಳಗೆ ಹೋಗಿ ಕೂತವರು ಬಾಗಿಲು ಮುಚ್ಚಿತ್ತು ಎಂದು ಆಮೇಲೆ ಹೇಳಿದರೆ ಕೇಳುವವರು ಕಡಿಮೆ.

ವಕೀಲರ ಮಾತಿನಲ್ಲಿ ಸತ್ಯ ಇದೆ, ಆತುರವೂ ಇದೆ. ಹೈಕೋರ್ಟ್ ಇಂಥ ನೋಟಿಸ್‌ಗಳಲ್ಲಿ ಏನನ್ನು ನೋಡುತ್ತದೆ, ಏನನ್ನು ನೋಡುವುದಿಲ್ಲ ಎಂದು ತಿಳಿದರೆ ಮುಂದಿನ ದಾರಿ ನಿಮಗೇ ಕಾಣುತ್ತದೆ.

ನೀವು ಹೊಲ ಮಾಡಿದ ಮನೆಯವರು, ಹೊಲದ ಮಾತಿನಲ್ಲೇ ಹೇಳುತ್ತೇನೆ. ರೀಓಪನ್ ಆದ ಕೇಸಿನಲ್ಲಿ ಹೈಕೋರ್ಟ್ ಎಷ್ಟು ಚೀಲ ಬೆಳೆ ಬಂತು ಎಂದು ಎಣಿಸಲು ಕೂರುವುದಿಲ್ಲ. ಅಧಿಕಾರಿ ಬದು ದಾಟಿ ಒಳಗೆ ಕಾಲಿಟ್ಟದ್ದು ಯಾವ ಹಕ್ಕಿನಿಂದ, ಯಾರ ಅಪ್ಪಣೆ ಪಡೆದು, ಯಾವ ತಾರೀಖಿನೊಳಗೆ ಎಂದು ಕೇಳುತ್ತದೆ. ಇದರ ಬೇರು 1961ರ ವರದಿಗಳಲ್ಲಿರುವ ಕಲ್ಕತ್ತಾ ಡಿಸ್ಕೌಂಟ್ ಕಂಪನಿ ಪ್ರಕರಣದಲ್ಲಿದೆ. ಮೂಲ ಸಂಗತಿಗಳನ್ನು ತೆರೆದಿಡುವುದು ತೆರಿಗೆದಾರನ ಹೊಣೆ, ಅವುಗಳಿಂದ ಏನು ತೀರ್ಮಾನ ತೆಗೆಯಬೇಕು ಎಂಬುದು ಅಧಿಕಾರಿಯ ಕೆಲಸ ಎಂದು ಸುಪ್ರೀಂ ಕೋರ್ಟ್ ಅಲ್ಲಿ ಗೆರೆ ಎಳೆಯಿತು. ಅಧಿಕಾರವೇ ಇಲ್ಲದೆ ನೋಟಿಸ್ ಕೊಟ್ಟಿದ್ದರೆ, ತೆರಿಗೆದಾರ ಇಡೀ ವಿಚಾರಣೆ ಅನುಭವಿಸಿ ಬರಲಿ ಎಂದು ಕಾಯದೆ, ನೋಟಿಸಿನ ಹಂತದಲ್ಲೇ ಹೈಕೋರ್ಟ್ ತಡೆಯಬಹುದು ಎಂದೂ ಹೇಳಿತು. ಸಂವಿಧಾನದ 226ನೇ ವಿಧಿಯಡಿ ನೇರ ಹೈಕೋರ್ಟಿಗೆ ಇಂದು ಹೋಗುವ ಅರ್ಜಿಗಳಾದ ರಿಟ್‌ಗಳೆಲ್ಲ ನಿಂತಿರುವುದು ಈ ಮಾತಿನ ಮೇಲೆ.

ಅಲ್ಲಿಂದ ಮುಂದೆ ಕೋರ್ಟುಗಳು ಒಂದೊಂದೇ ಗೂಟ ಹೊಡೆಯುತ್ತ ಬಂದವು. 1971ರ ಛುಗಮಲ್ ರಾಜ್‌ಪಾಲ್ ಪ್ರಕರಣ ನನಗೆ ಬಹಳ ಇಷ್ಟದ್ದು. ಕೇಸ್ ತೆರೆಯಲು ಕಮಿಷನರ ಒಪ್ಪಿಗೆ ಬೇಕಿತ್ತು. ಅವರು ಅಚ್ಚಾದ ನಮೂನೆಯಲ್ಲಿ "ಹೌದು" ಎಂದು ಬರೆದು ಸಹಿ ಹಾಕಿದ್ದರು, ಅಷ್ಟೇ. ಓದದೆ, ಯೋಚಿಸದೆ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ ಎಂದು ನೋಟಿಸ್ ಬಿದ್ದುಹೋಯಿತು. 1976ರಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಬರೆದ ತೀರ್ಪು, ಅಧಿಕಾರಿಯ ಬಳಿಯಿರುವ ಮಾಹಿತಿಗೂ ಆದಾಯ ತಪ್ಪಿಹೋಗಿದೆ ಎಂಬ ನಂಬಿಕೆಗೂ ಜೀವಂತ ಕೊಂಡಿ ಇರಬೇಕು ಎಂದಿತು. 2010ರ ಕೆಲ್ವಿನೇಟರ್ ತೀರ್ಪಿನ ಪ್ರಕಾರ, ಅದೇ ಕಡತವನ್ನು ಮತ್ತೆ ಓದಿ ಅಭಿಪ್ರಾಯ ಬದಲಾಯಿತು ಎಂದು ಕೇಸ್ ತೆರೆಯುವಂತಿಲ್ಲ, ಕೈಗೆ ಸಿಗುವ ಹೊಸ ಆಧಾರ ಬೇಕು. ನಿಮ್ಮ ತಂದೆಯವರ ರಿಟರ್ನೇ ಇಲ್ಲದ ಕಾರಣ ಈ ಕೊನೆಯ ವಾದ ನಿಮಗೆ ಒದಗುವುದಿಲ್ಲ. ಅದನ್ನು ಅರ್ಜಿಯಲ್ಲಿ ಸೇರಿಸಿ ಪುಟ ತುಂಬಿಸಬೇಡಿ ಎಂದು ವಕೀಲರಿಗೆ ಹೇಳಿ.

ನಡುವೆ, 2002ರ ನವೆಂಬರಿನಲ್ಲಿ ಜಿಕೆಎನ್ ಡ್ರೈವ್‌ಶಾಫ್ಟ್ಸ್ ಪ್ರಕರಣದಲ್ಲಿ ಬಂದ ಪುಟ್ಟ ಆದೇಶ ಸುಮಾರು 2 ದಶಕ ಇಡೀ ದೇಶದ ರೂಢಿಯಾಯಿತು. ನೋಟಿಸ್ ಬಂದರೆ ಮೊದಲು ರಿಟರ್ನ್ ಸಲ್ಲಿಸಿ, ಕಾರಣ ಕೇಳಿ, ಆಕ್ಷೇಪಣೆ ಸಲ್ಲಿಸಿ. ಅಧಿಕಾರಿ ಅದಕ್ಕೆ ಕಾರಣಸಹಿತ ಆದೇಶ ಕೊಡಬೇಕು, ಆಮೇಲೆ ಮುಂದಿನ ಮಾತು. 2021ರ ಏಪ್ರಿಲ್ 1ರಿಂದ ಸಂಸತ್ತು ಇದನ್ನು ಹಿಂದುಮುಂದು ಮಾಡಿ ಕಾನೂನಿಗೇ ಸೇರಿಸಿತು. ಈಗ 148ಎ ಅಡಿಯಲ್ಲಿ ಮೊದಲು ಮಾಹಿತಿ ಕೊಟ್ಟು ಕಾರಣ ಕೇಳಬೇಕು, ಉತ್ತರ ನೋಡಬೇಕು, ಮೇಲಧಿಕಾರಿಯ ಅನುಮತಿ ಪಡೆದು ಆದೇಶ ಮಾಡಬೇಕು, ಆ ಬಳಿಕವೇ 148 ನೋಟಿಸ್. ಬದಲಿಗೆ "ನಂಬಲು ಕಾರಣ ಇರಬೇಕು" ಎಂಬ ಹಳೆಯ ಬಿಗಿ ಪದ ಹೋಗಿ, ಆದಾಯ ತಪ್ಪಿದೆ ಎಂದು "ಸೂಚಿಸುವ ಮಾಹಿತಿ" ಇದ್ದರೆ ಸಾಕು ಎಂದಾಯಿತು. ಅಧಿಕಾರಿ ದಾಟಬೇಕಾದ ಬೇಲಿ ತಗ್ಗಿತು, ತೆರಿಗೆದಾರನಿಗೆ ಮಾತಾಡುವ ಅವಕಾಶ ಮುಂಚೆಯೇ ಸಿಕ್ಕಿತು. ದೊಡ್ಡ ಕಂಪನಿಗಳಿಗೆ ಇದು ಒಳ್ಳೆಯ ವ್ಯಾಪಾರ. ನಿಮ್ಮಂಥವರಿಗೆ ಅಲ್ಲ ಎಂಬುದು ನನ್ನ ಅನುಭವ. ಮುಂಚೆಯೇ ಮಾತಾಡುವ ಅವಕಾಶ ಇರುವುದು ದಿನಾ ಇ-ಮೇಲ್ ತೆರೆಯುವವರಿಗೆ. ಸೈಬರ್ ಸೆಂಟರಿನವರ ಇ-ಮೇಲಿನಲ್ಲಿ ಬಿದ್ದ ನೋಟಿಸಿಗೆ ಉತ್ತರ ಕೊಡುವವರು ಯಾರು?

ಇನ್ನು ತಾರೀಖುಗಳ ಮಾತು. ತೆರಿಗೆ ಕಾನೂನಿನಲ್ಲಿ ಕೋರ್ಟುಗಳು ಅತಿ ಕಟ್ಟುನಿಟ್ಟಾಗಿರುವುದು ಇಲ್ಲೇ. ಕೋವಿಡ್ ಕಾಲದ ಗದ್ದಲ ನೆನಪಿರಬಹುದು. ಹೊಸ ಕಾನೂನು ಬಂದ ಮೇಲೂ, ಅಂದರೆ 2021ರ ಏಪ್ರಿಲ್ 1ರಿಂದ ಜೂನ್ 30ರವರೆಗೆ, ಇಲಾಖೆ ಹಳೆಯ ಪದ್ಧತಿಯಲ್ಲೇ ಸುಮಾರು 90,000 ನೋಟಿಸ್ ಹೊರಡಿಸಿತು. ದೇಶದ ಹೈಕೋರ್ಟುಗಳಲ್ಲಿ 9,000ಕ್ಕೂ ಹೆಚ್ಚು ರಿಟ್‌ಗಳು ಬಿದ್ದವು, ಹಲವು ಹೈಕೋರ್ಟುಗಳು ನೋಟಿಸ್ ರದ್ದು ಮಾಡಿದವು. 2022ರ ಮೇ 4ರಂದು ಆಶಿಷ್ ಅಗರ್‌ವಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 142ನೇ ವಿಧಿಯ ವಿಶೇಷ ಅಧಿಕಾರ ಬಳಸಿ, ಆ ನೋಟಿಸ್‌ಗಳನ್ನೆಲ್ಲ 148ಎ ಅಡಿಯ ಕಾರಣ ಕೇಳಿ ನೋಟಿಸ್ ಎಂದು ಪರಿಗಣಿಸಿ ಇಲಾಖೆಯನ್ನು ಉಳಿಸಿತು. ಉಳಿಸಿದ ಮೇಲೂ ಲೆಕ್ಕ ಬಿಡಲಿಲ್ಲ. 2024ರ ಅಕ್ಟೋಬರ್ 3ರ ರಾಜೀವ್ ಬನ್ಸಲ್ ತೀರ್ಪಿನಲ್ಲಿ, ಪ್ರತಿ ನೋಟಿಸಿಗೂ ಬಾಕಿ ಉಳಿದಿದ್ದ ದಿನಗಳು ಎಷ್ಟು, ಅಷ್ಟರೊಳಗೆ ಮುಂದಿನ ನೋಟಿಸ್ ಹೊರಟಿತೇ ಎಂದು ಎಣಿಸಲು ಹೇಳಿತು. 2015-16ನೇ ಕರ ನಿರ್ಧಾರಣೆ ವರ್ಷದ (ಆದಾಯ ಬಂದ ವರ್ಷದ ಮರುವರ್ಷ) ಇಂಥ ನೋಟಿಸ್‌ಗಳನ್ನು ಕೈಬಿಡಬೇಕಾಗುತ್ತದೆ ಎಂದು ಇಲಾಖೆಯೇ ಅಲ್ಲಿ ಒಪ್ಪಿಕೊಂಡಿತು.

ನಿಮ್ಮ ಕ್ಯಾಲೆಂಡರ್ ಹಾಕೋಣ. 2019ರ ಫೆಬ್ರುವರಿ ಮಾರಾಟ ಅಂದರೆ 2018-19ನೇ ಹಣಕಾಸು ವರ್ಷ, ಕರ ನಿರ್ಧಾರಣೆ ವರ್ಷ 2019-20. ಅದು ಮುಗಿದದ್ದು 2020ರ ಮಾರ್ಚ್ 31ಕ್ಕೆ. 2024ರ ಸೆಪ್ಟೆಂಬರ್ 1ರಿಂದ ಇರುವ 149ನೇ ಸೆಕ್ಷನ್ ಪ್ರಕಾರ, 148ಎ ನೋಟಿಸಿಗೆ ಅಲ್ಲಿಂದ 3 ವರ್ಷ, 148 ನೋಟಿಸಿಗೆ 3 ವರ್ಷ 3 ತಿಂಗಳು. ಇದು ಸಾಮಾನ್ಯ ಗಡುವು, ನಿಮಗೆ 2023ರಲ್ಲೇ ಮುಗಿದಿದೆ. ತಪ್ಪಿಹೋದ ಆದಾಯ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಎಂದು ತೋರಿಸುವ ದಾಖಲೆ ಅಧಿಕಾರಿಯ ಕೈಯಲ್ಲಿದ್ದರೆ ಮಾತ್ರ 5 ವರ್ಷ, ಮತ್ತು 5 ವರ್ಷ 3 ತಿಂಗಳು. ಅಂದರೆ 2025ರ ಮಾರ್ಚ್ 31 ಮತ್ತು ಜೂನ್ 30. ನಿಮ್ಮ ನೋಟಿಸ್‌ಗಳ ತಾರೀಖು ಮಾರ್ಚ್ 27, ಜೂನ್ 26. ಗಡುವಿಗೆ ನಾಲ್ಕೇ ದಿನ ಮುಂಚೆ, ಎರಡೂ ಬಾರಿ. ಕಾಗದದ ಮೇಲಿನ ತಾರೀಖನ್ನು ನಂಬಿ ಕೂರಬೇಡಿ. 2022ರಲ್ಲಿ ದೆಹಲಿ ಹೈಕೋರ್ಟ್ ನೂರಾರು ನೋಟಿಸ್‌ಗಳನ್ನು ಒಟ್ಟಿಗೆ ನೋಡಿತು. ಮೇಲೆ ಮಾರ್ಚ್ 31 ಇತ್ತು, ಇಲಾಖೆಯ ಕಂಪ್ಯೂಟರಿನಿಂದ ಇ-ಮೇಲ್ ಹೊರಟದ್ದು ಏಪ್ರಿಲ್‌ನಲ್ಲಿ. ನೋಟಿಸ್ ಸಿದ್ಧವಾದ ದಿನ ಬೇರೆ, ಅದು ಹೊರಗೆ ಹೋದ ದಿನ ಬೇರೆ, ಲೆಕ್ಕಕ್ಕೆ ಬರುವುದು ಹೋದ ದಿನ ಎಂದಿತು. ಆ ಸೈಬರ್ ಸೆಂಟರಿನವರನ್ನು ಹುಡುಕಿ, ಇ-ಮೇಲ್ ಇನ್ನೂ ತೆರೆಯುವಂತಿದ್ದರೆ ಬಂದ ದಿನ ಮತ್ತು ಗಂಟೆ ಕಾಣುವಂತೆ ಪ್ರಿಂಟ್ ತೆಗೆಸಿಡಿ.

ನಿಮ್ಮ ಕೇಸಿನ ಗಟ್ಟಿ ಜಾಗ ಈ 50 ಲಕ್ಷದ ಗೆರೆ. ಅಧಿಕಾರಿಗೆ ಮಾಹಿತಿ ಹೋದದ್ದು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇರಬೇಕು, 30 ಲಕ್ಷ ಮತ್ತು ಮೇಲ್ಪಟ್ಟ ಸ್ಥಿರಾಸ್ತಿ ವ್ಯವಹಾರಗಳೆಲ್ಲ ಆಗ ಇಲಾಖೆಗೆ ವರದಿಯಾಗುತ್ತಿದ್ದವು. ಅಲ್ಲಿ ಕಾಣುವುದು 58 ಲಕ್ಷ ಎಂಬ ಒಂದೇ ಅಂಕಿ. ಆದರೆ ಕಾನೂನು ಕೇಳುವುದು ತೆರಿಗೆಗೆ ಒಳಪಡುವ ಆದಾಯ 50 ಲಕ್ಷ ದಾಟಿದೆಯೇ ಎಂದು, ಕ್ರಯಪತ್ರದ ಮೊತ್ತ ದಾಟಿದೆಯೇ ಎಂದಲ್ಲ. ನಮ್ಮ ಕರ್ನಾಟಕ ಹೈಕೋರ್ಟ್ 2023ರಲ್ಲಿ ಇದನ್ನೇ ಹೇಳಿದೆ: ಆಸ್ತಿ ಮಾರಾಟವಾದಾಗ 48ನೇ ಸೆಕ್ಷನ್ ಪ್ರಕಾರ ಅಸಲು ಕಳೆದು ಉಳಿಯುವ ಲಾಭವನ್ನು ನೋಡಬೇಕು, ಪೂರ್ತಿ ಮಾರಾಟದ ಹಣವನ್ನಲ್ಲ.

ನಿಮ್ಮ ಹೊಲಕ್ಕೆ ಲೆಕ್ಕ ಹಾಕಿ. ಪಿತ್ರಾರ್ಜಿತ ಆದ್ದರಿಂದ 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನು ಅಸಲು ಎಂದು ಹಿಡಿಯಬಹುದು. ಹಣದುಬ್ಬರದ ಸೂಚ್ಯಂಕ 2001-02ಕ್ಕೆ 100, 2018-19ಕ್ಕೆ 280. ಆಗ ಹೊಲದ ಬೆಲೆ 4 ಲಕ್ಷ ಇತ್ತು ಎಂದಾದರೆ ಸೂಚ್ಯಂಕ ಸೇರಿದ ಅಸಲು 11 ಲಕ್ಷ 20 ಸಾವಿರ, ಲಾಭ 46 ಲಕ್ಷ 80 ಸಾವಿರ. ಗೆರೆಯ ಕೆಳಗೆ ಬಂತು. ನಿಜ ಹೇಳಬೇಕೆಂದರೆ 2001ರ ಬೆಲೆ 2 ಲಕ್ಷ 86 ಸಾವಿರ ಮುಟ್ಟಿದರೂ ಸಾಕು, ಲಾಭ 50 ಲಕ್ಷದ ಒಳಗೇ ನಿಲ್ಲುತ್ತದೆ. ಎಕರೆಗೆ 1 ಲಕ್ಷ 15 ಸಾವಿರದಷ್ಟಾಯಿತು. ನೋಂದಾಯಿತ ವ್ಯಾಲ್ಯೂಯರ್ ಒಬ್ಬರಿಂದ ವರದಿ ಮಾಡಿಸಿ, ಆ ಸುಮಾರಿನಲ್ಲಿ ಪಕ್ಕದ ಹೊಲಗಳು ಮಾರಾಟವಾದ ಕ್ರಯಪತ್ರಗಳ ನಕಲು ತೆಗೆಸಿ. ಒಂದು ಎಚ್ಚರಿಕೆ: 2019ರಲ್ಲಿ ಸರ್ಕಾರಿ ಮಾರ್ಗಸೂಚಿ ಬೆಲೆ 58 ಲಕ್ಷಕ್ಕಿಂತ ಹೆಚ್ಚಿತ್ತೇ ನೋಡಿಕೊಳ್ಳಿ. 50ಸಿ ಸೆಕ್ಷನ್ ಆ ಹೆಚ್ಚಿನ ಅಂಕಿಯನ್ನೇ ಹಿಡಿಯಲು ಹೇಳುತ್ತದೆ, ಆಗ ಲೆಕ್ಕ ಏರುಪೇರಾಗುತ್ತದೆ. ಇಲಾಖೆಯ ವಕೀಲರು ಏನನ್ನುತ್ತಾರೆ ಎಂಬುದನ್ನೂ ಹೇಳಿಬಿಡುತ್ತೇನೆ. ಕಾನೂನಿನಲ್ಲಿ "50 ಲಕ್ಷ ಆಗಬಹುದಾದ" ಎಂಬ ಮಾತೂ ಇದೆ, ಉತ್ತರವೇ ಕೊಡದವರ ಅಸಲನ್ನು ಅಧಿಕಾರಿ ಹೇಗೆ ಊಹಿಸಬೇಕು ಎನ್ನುತ್ತಾರೆ. ಉತ್ತರ ಯಾಕೆ ಹೋಗಲಿಲ್ಲ ಎಂಬುದಕ್ಕೆ ನಿಮ್ಮ ಬಳಿ ಮರಣ ಪ್ರಮಾಣಪತ್ರ ಇದೆ. ಬದುಕಿದ್ದೂ ಸುಮ್ಮನಿದ್ದವರಿಗೆ ಈ ಪ್ರಶ್ನೆ ಕಷ್ಟದ್ದು.

ಹೊಲ ಕೃಷಿಭೂಮಿ, ಹಾಗಾಗಿ ತೆರಿಗೆಯೇ ಇಲ್ಲ ಎಂದು ನೀವು ಅಂದುಕೊಂಡಿರಬಹುದು. ಪತ್ರದಲ್ಲಿ ನೀವು ಅದನ್ನು ಎತ್ತಿಲ್ಲ, ಆದರೂ ಹೇಳುತ್ತೇನೆ. ಹಳ್ಳಿಯ ಕೃಷಿಭೂಮಿ ಬಂಡವಾಳ ಆಸ್ತಿಯೇ ಅಲ್ಲ, ಮಾರಿದರೆ ಲಾಭಕ್ಕೆ ತೆರಿಗೆ ಇಲ್ಲ, ನಿಜ. ಆದರೆ ಪಟ್ಟಣದ ಹತ್ತಿರ ಇದ್ದರೆ ಆ ರಿಯಾಯಿತಿ ಸಿಗದು. ಜನಸಂಖ್ಯೆ 10,000ದಿಂದ 1 ಲಕ್ಷದವರೆಗಿನ ಊರಾದರೆ 2 ಕಿಲೋಮೀಟರ್, 1 ಲಕ್ಷದಿಂದ 10 ಲಕ್ಷದವರೆಗೆ 6, ಅದಕ್ಕೂ ಮೇಲಾದರೆ 8. ರಾಣೆಬೆನ್ನೂರು ನಗರ 2011ರ ಜನಗಣತಿಯಲ್ಲಿ 1 ಲಕ್ಷ ದಾಟಿದೆ, ಆದ್ದರಿಂದ ನಿಮಗೆ 6 ಕಿಲೋಮೀಟರ್. ಅಳೆಯುವಾಗ ಜನ ಎರಡು ಕಡೆ ಎಡವುತ್ತಾರೆ. ಬಸ್ ನಿಲ್ದಾಣದಿಂದ ಅಳೆಯುತ್ತಾರೆ, ಅಳೆಯಬೇಕಾದ್ದು ನಗರಸಭೆಯ ಗಡಿಯಿಂದ. ರಸ್ತೆಯ ದೂರ ಹಿಡಿಯುತ್ತಾರೆ, ಕಾನೂನು ಕೇಳುವುದು ಕಾಗೆ ಹಾರಿದಷ್ಟು ನೇರ ದೂರವನ್ನು. ಬೈಕಿನ ಮೀಟರಿನಲ್ಲಿ 8 ಬಂದ ಹೊಲ ಗಡಿಯಿಂದ ನೇರಕ್ಕೆ 5 ಆಗಿಬಿಡಬಹುದು. ಮಾರುವ ಮೊದಲೇ ಹೊಲವನ್ನು ಎನ್ಎ, ಅಂದರೆ ಕೃಷಿಯೇತರ, ಮಾಡಿಸಿದ್ದರಂತೂ ಈ ವಾದದ ಆಸೆ ಬಿಡಿ. ಇದೆಲ್ಲ ಸಂಗತಿಯ ಪ್ರಶ್ನೆ. ಪಹಣಿಯ ಬೆಳೆ ಕಾಲಂನಲ್ಲಿ ಮೆಕ್ಕೆಜೋಳ ಇದೆಯೇ ಹತ್ತಿ ಇದೆಯೇ ಎಂದು ಧಾರವಾಡ ಪೀಠದ ನ್ಯಾಯಮೂರ್ತಿಗಳು ನೋಡುತ್ತ ಕೂರುವುದಿಲ್ಲ. ಅಧಿಕಾರಿಯ ಮುಂದೆಯೇ ದಾಖಲೆ ಇಡಿ, ರಿಟ್ಟಿನಲ್ಲಿ ಇದನ್ನು ಮುಖ್ಯ ವಾದ ಮಾಡಬೇಡಿ.

ಈಗ ಸತ್ತವರ ಹೆಸರಿನ ನೋಟಿಸ್. ತೆರಿಗೆ ಬಾಕಿ ಮನುಷ್ಯನೊಂದಿಗೆ ಸಾಯುವುದಿಲ್ಲ. 159ನೇ ಸೆಕ್ಷನ್ ಪ್ರಕಾರ, ಬದುಕಿದ್ದರೆ ಅವರ ಮೇಲೆ ಏನು ಕ್ರಮ ತೆಗೆದುಕೊಳ್ಳಬಹುದಿತ್ತೋ ಅದನ್ನು ವಾರಸುದಾರರ ಮೇಲೆ ತೆಗೆದುಕೊಳ್ಳಬಹುದು. ಆದರೆ ವಾರಸುದಾರರ ಹೆಸರಿಗೆ ನೋಟಿಸ್ ಕೊಡಬೇಕು, ಗಡುವಿನೊಳಗೆ ಕೊಡಬೇಕು. ದೆಹಲಿ ಹೈಕೋರ್ಟ್ 2020ರಲ್ಲಿ, ಸತ್ತವರ ಹೆಸರಿಗೆ ಕೊಟ್ಟ 148 ನೋಟಿಸ್ ಶೂನ್ಯ ಎಂದಿತು. ಸಾವಿನ ಸುದ್ದಿಯನ್ನು ಇಲಾಖೆಗೆ ತಿಳಿಸುವ ಹೊಣೆಯನ್ನು ಕಾನೂನು ವಾರಸುದಾರರ ಮೇಲೆ ಹೊರಿಸಿಲ್ಲ ಎಂದೂ ಸ್ಪಷ್ಟಪಡಿಸಿತು. ಕಂಪನಿಗಳ ವಿಷಯದಲ್ಲಿ ಇದೇ ತತ್ವವನ್ನು ಸುಪ್ರೀಂ ಕೋರ್ಟ್ 2019ರ ಮಾರುತಿ ಸುಜುಕಿ ತೀರ್ಪಿನಲ್ಲಿ ಒಪ್ಪಿದೆ. ಬೇರೊಂದರಲ್ಲಿ ವಿಲೀನವಾಗಿ ಇಲ್ಲವಾದ ಕಂಪನಿಯ ಹೆಸರಿಗೆ ಆದೇಶ ಮಾಡುವುದು ತಿದ್ದಬಹುದಾದ ಕೈತಪ್ಪಲ್ಲ, ಮೂಲದ ದೋಷ ಎಂದಿತು.

ಗಡುವು ಉಳಿದಿರುವಾಗ ಸಾವಿನ ಸುದ್ದಿ ತಿಳಿಸಿದರೆ ಅಧಿಕಾರಿ ವಾರಸುದಾರರಿಗೆ ಹೊಸ ನೋಟಿಸ್ ಕೊಟ್ಟುಬಿಡುತ್ತಾರೆ, ಆದ್ದರಿಂದ ಗಡುವು ದಾಟುವವರೆಗೆ ಬಾಯಿ ಬಿಡಬೇಡಿ ಎಂದು ಸಲಹೆ ಕೊಡುವವರು ನಮ್ಮ ವೃತ್ತಿಯಲ್ಲಿದ್ದಾರೆ. ನಾನು ಕೊಟ್ಟಿಲ್ಲ. ಸುಮ್ಮನಿದ್ದು ಗೆದ್ದವರಷ್ಟೇ, ಏಕಪಕ್ಷೀಯ ಆದೇಶವಾಗಿ ಬ್ಯಾಂಕ್ ಖಾತೆ ಜಪ್ತಿಯಾದ ಮೇಲೆ ಓಡಿ ಬಂದವರನ್ನೂ ನೋಡಿದ್ದೇನೆ. ನಿಮಗಂತೂ ಆ ಇಕ್ಕಟ್ಟು ಇಲ್ಲ. 2025ರ ಜೂನ್ 30 ದಾಟಿದೆ, ಈಗ ಹೇಳಿದರೆ ಕಳೆದುಕೊಳ್ಳುವುದು ಏನೂ ಇಲ್ಲ, ಹೇಳದಿದ್ದರೆ ಕಳೆದುಕೊಳ್ಳುವುದು ಬಹಳ. 142(1) ನೋಟಿಸಿಗೆ ಉತ್ತರ ಕೊಡದಿದ್ದರೆ ಪ್ರತಿ ತಪ್ಪಿಗೆ 10,000 ರೂಪಾಯಿ ದಂಡ ಬೀಳಬಹುದು. ಅದಕ್ಕಿಂತ ಕೆಟ್ಟದ್ದು 144ರ ಅಡಿಯ ಏಕಪಕ್ಷೀಯ ಆದೇಶ. ಅಸಲು ಕಳೆಯದೆ ಪೂರ್ತಿ 58 ಲಕ್ಷವನ್ನೇ ಲಾಭ ಎನ್ನಬಹುದು. ಬ್ಯಾಂಕಿಗೆ ಬಂದ ಹಣಕ್ಕೆ ವಿವರಣೆಯೇ ಇಲ್ಲ ಎಂದುಬಿಟ್ಟರೆ 69ಎ ಜೊತೆ 115ಬಿಬಿಇ ಸೇರಿ ತೆರಿಗೆ ಶೇ 60, ಅದರ ಮೇಲೆ ಶೇ 25 ಸರ್ಚಾರ್ಜ್, ಶೇ 4 ಸೆಸ್, ಒಟ್ಟು ಶೇ 78. 58 ಲಕ್ಷಕ್ಕೆ 45 ಲಕ್ಷ ದಾಟುತ್ತದೆ, ಬಡ್ಡಿ ಬೇರೆ. ಅದೇ ಹೊಲದ ಮಾರಾಟ ಎಂದು ಸರಿಯಾಗಿ ಲೆಕ್ಕ ಹಾಕಿದರೆ ದೀರ್ಘಾವಧಿ ಲಾಭಕ್ಕೆ ಶೇ 20ರ ದರ, ಮೇಲಿನ ಉದಾಹರಣೆಯಲ್ಲಿ 9ರಿಂದ 10 ಲಕ್ಷದ ಮಾತು. ಮೌನಕ್ಕೆ ತೆರುವ ಬೆಲೆ ಇಷ್ಟು.

ಹಾಗಾದರೆ ರಿಟ್ ಯಾವಾಗ? ಕೆಲವು ವರ್ಷಗಳ ಹಿಂದೆ ನಮ್ಮ ಒಬ್ಬ ಕಕ್ಷಿದಾರರು ಬೇರೆಯವರ ಸಲಹೆ ಕೇಳಿ 148ಎ ನೋಟಿಸಿಗೆ ಉತ್ತರ ಕೊಡದೆ ನೇರ ರಿಟ್ ಹಾಕಿದ್ದರು. ಪೀಠದಿಂದ ಬಂದ ಮೊದಲ ಪ್ರಶ್ನೆ: "ಇದನ್ನೆಲ್ಲ ಅಧಿಕಾರಿಗೆ ಹೇಳಿದ್ದೀರಾ?" ಎರಡನೇ ಪ್ರಶ್ನೆಯೇ ಬರಲಿಲ್ಲ. ಮೇಲ್ಮನವಿಯಂಥ ಬೇರೆ ಪರಿಹಾರ ಇರುವಾಗ ತೆರಿಗೆ ವಿಷಯದಲ್ಲಿ ಹೈಕೋರ್ಟ್ ಸಾಮಾನ್ಯವಾಗಿ ಕೈಹಾಕಬಾರದು ಎಂದು ಸುಪ್ರೀಂ ಕೋರ್ಟ್ 2013ರ ಛಬಿಲ್ ದಾಸ್ ಅಗರ್‌ವಾಲ್ ಪ್ರಕರಣದಲ್ಲಿ ಹೇಳಿದೆ. ಅಧಿಕಾರವೇ ಇಲ್ಲದಿರುವುದು, ಸಹಜ ನ್ಯಾಯದ ಉಲ್ಲಂಘನೆ (ಮಾತು ಕೇಳದೆ ತೀರ್ಮಾನಿಸುವುದು) ಇಂಥವಕ್ಕೆ ವಿನಾಯಿತಿ ಇದೆ ಎಂದು 1998ರ ವರ್ಲ್‌ಪೂಲ್ ತೀರ್ಪು ಹೇಳುತ್ತದೆ. ನಿಮ್ಮ ಎರಡು ವಾದಗಳು, ಸತ್ತವರ ಹೆಸರಿನ ನೋಟಿಸ್ ಮತ್ತು 50 ಲಕ್ಷದ ಗಡುವು, ಈ ವಿನಾಯಿತಿಯ ಒಳಗೆ ಕೂರುತ್ತವೆ. ಅವನ್ನು ಅಧಿಕಾರಿಯ ಮುಂದೆ ಬರಹದಲ್ಲಿ ಇಟ್ಟು, ಅವರು ತಳ್ಳಿಹಾಕಿದ್ದು ಅಥವಾ ಉತ್ತರಿಸದೆ ಮುಂದುವರಿದದ್ದು ದಾಖಲೆಯಲ್ಲಿದ್ದರೆ ರಿಟ್ಟಿಗೆ ಬೆನ್ನೆಲುಬು ಬರುತ್ತದೆ. ಆಮೇಲೆ ಹೈಕೋರ್ಟಿನಲ್ಲಿ ಅಧಿಕಾರಿ ಹೊಸ ಕಾರಣ ಪೋಣಿಸಿದರೂ ನಡೆಯದು. ದಾಖಲೆಯಲ್ಲಿರುವ ಕಾರಣಗಳಿಗೆ ಅಫಿಡವಿಟ್ಟಿನಲ್ಲಿ ತೇಪೆ ಹಾಕುವಂತಿಲ್ಲ ಎಂದು ಬಾಂಬೆ ಹೈಕೋರ್ಟ್ ಹಿಂದೂಸ್ತಾನ್ ಲೀವರ್ ಪ್ರಕರಣದಲ್ಲಿ 2004ರಲ್ಲೇ ಹೇಳಿದೆ.

"ಮೊದಲ ದಿನವೇ ರದ್ದು" ಎಂಬ ಮಾತನ್ನು ಮಾತ್ರ ನಂಬಬೇಡಿ. ಸಹಜ ನ್ಯಾಯದ ಲೋಪವೊಂದನ್ನೇ ಹಿಡಿದು ಹೋದರೆ ಕೋರ್ಟ್ ಬಹಳ ಸಲ ಆದೇಶ ರದ್ದು ಮಾಡಿ, ಉತ್ತರ ಪಡೆದು ಹೊಸದಾಗಿ ಮಾಡಿ ಎಂದು ಅದೇ ಅಧಿಕಾರಿಗೆ ಕಳಿಸುತ್ತದೆ. ಆದ್ದರಿಂದ "ನಮಗೆ ನೋಟಿಸ್ ತಲುಪಲಿಲ್ಲ" ಎಂಬುದನ್ನು ಮುಂದಿಟ್ಟರೆ ಗೆದ್ದೂ ಮೊದಲಿನ ಜಾಗಕ್ಕೇ ಬಂದು ನಿಲ್ಲಬಹುದು. ನೋಟಿಸ್ ಕೊಡುವ ಅಧಿಕಾರವೇ ಇರಲಿಲ್ಲ ಎಂಬುದನ್ನು ಮುಂದಿಡಿ. 148 ನೋಟಿಸನ್ನು ಸ್ಥಳೀಯ ಅಧಿಕಾರಿ ಕೊಡಬೇಕೋ, ಅಧಿಕಾರಿಯ ಮುಖ ಕಾಣದ ಆನ್‌ಲೈನ್ ಫೇಸ್‌ಲೆಸ್ ವ್ಯವಸ್ಥೆಯಿಂದ ಬರಬೇಕೋ ಎಂಬ ವಾದ ಕೆಲವು ವರ್ಷ ಬಹಳ ಓಡಿತು. ತೆಲಂಗಾಣ, ಬಾಂಬೆ ಹೈಕೋರ್ಟುಗಳು ಒಂದು ಕಡೆ, ದೆಹಲಿ ಇನ್ನೊಂದು ಕಡೆ. ನಿಮ್ಮ ಕೇಸಿಗೆ ಅದರ ಹಂಗು ಬೇಡ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಎಂದು ಯಾರಾದರೂ ಹೆದರಿಸಿದರೂ ಗಾಬರಿ ಬೇಡ, ನಿಮ್ಮ ವರ್ಷಕ್ಕೆ 1961ರ ಕಾಯ್ದೆಯೇ ಅನ್ವಯ.

ಉತ್ತರ ಹೀಗಿರಲಿ. ಮೊದಲ ವಾಕ್ಯದಲ್ಲೇ, ತಂದೆಯವರು ಇಂಥ ದಿನ ತೀರಿಕೊಂಡಿದ್ದಾರೆ, ಅವರ ಹೆಸರಿಗೆ ಹೊರಟ 148ಎ ನೋಟಿಸ್, ಆದೇಶ, 148 ನೋಟಿಸ್ ಮೂರೂ ಕಾನೂನಿನ ಕಣ್ಣಲ್ಲಿ ಇಲ್ಲ ಎಂದು ಬರೆಯಿರಿ. ಎರಡನೆಯದಾಗಿ, ಈ ಉತ್ತರ ಆ ಆಕ್ಷೇಪವನ್ನು ಉಳಿಸಿಕೊಂಡು ಕೊಡುತ್ತಿರುವುದು, ಇದನ್ನು ಒಪ್ಪಿಗೆ ಎಂದು ತಿಳಿಯಬಾರದು ಎಂದು ಸೇರಿಸಿ. ಆಮೇಲೆ ಲಾಭದ ಲೆಕ್ಕ, ಕಾಲಮಿತಿಯ ಆಕ್ಷೇಪ. ಕೊನೆಗೆ ಮೂರು ಕಾಗದ ಕೇಳಿ: ಅಧಿಕಾರಿ ಆಧಾರವಾಗಿ ಹಿಡಿದ ಮಾಹಿತಿಯ ನಕಲು, ಮೇಲಧಿಕಾರಿ ಕೊಟ್ಟ ಅನುಮತಿಯ ನಕಲು, ನೋಟಿಸ್‌ಗಳು ಇ-ಮೇಲ್‌ನಲ್ಲಿ ಹೊರಟ ದಿನದ ವಿವರ. 2024ರ ತಿದ್ದುಪಡಿಯ ನಂತರ ಅನುಮತಿ ಕೊಡುವವರು ಅಡಿಷನಲ್ ಅಥವಾ ಜಾಯಿಂಟ್ ಕಮಿಷನರ್ ಮಟ್ಟದವರು. ಆ ಹಾಳೆಯಲ್ಲಿ ಏನು ಬರೆದಿದೆ ನೋಡಬೇಕು. 1971ರ "ಹೌದು" ಈಗಲೂ ಬೇರೆ ಬೇರೆ ವೇಷದಲ್ಲಿ ಸಿಗುತ್ತದೆ.

ಇಷ್ಟಾದ ಮೇಲೂ ಅಧಿಕಾರಿ ಮುಂದುವರಿದರೆ, ಅಂತಿಮ ಆದೇಶಕ್ಕೆ ಕಾಯದೆ ಧಾರವಾಡ ಪೀಠಕ್ಕೆ ಹೋಗಿ, ಹಾವೇರಿ ಜಿಲ್ಲೆ ಅದರ ವ್ಯಾಪ್ತಿಗೆ ಬರುತ್ತದೆ. ರಿಟ್ಟಿಗೆ ಇಷ್ಟೇ ದಿನ ಎಂಬ ಗಡುವಿಲ್ಲ, ಆದರೆ ತಡ ಮಾಡಿದವರನ್ನು ಕೋರ್ಟ್ ಕೇಳಿಯೇ ಕೇಳುತ್ತದೆ. ಅಧಿಕಾರಿಗೆ ಆದೇಶ ಮಾಡಲು 2027ರ ಮಾರ್ಚ್ 31ರವರೆಗೆ ಸಮಯ ಇದೆ, ಆದರೆ ಅವರು ಅಲ್ಲಿಯವರೆಗೆ ಕಾಯಬೇಕೆಂದೇನಿಲ್ಲ. ಅಷ್ಟರಲ್ಲಿ ಆದೇಶ ಬಂದುಬಿಟ್ಟರೆ 30 ದಿನದೊಳಗೆ ಮೇಲ್ಮನವಿ ಹಾಕಿ. ನಮೂನೆ 35, ಶುಲ್ಕ ಹೆಚ್ಚೆಂದರೆ 1,000 ರೂಪಾಯಿ. ಮೇಲ್ಮನವಿ ಹಾಕಿದ ಮಾತ್ರಕ್ಕೆ ವಸೂಲಿ ನಿಲ್ಲುವುದಿಲ್ಲ. ಬೇಡಿಕೆಯ ಶೇ 20 ಕಟ್ಟಿದರೆ ಉಳಿದದ್ದಕ್ಕೆ ತಡೆ ಕೊಡುವ ರೂಢಿ ಇದೆ. ಸೂಕ್ತ ಪ್ರಕರಣದಲ್ಲಿ ಅದಕ್ಕಿಂತ ಕಡಿಮೆ ಕಟ್ಟಿಸಿಕೊಂಡೂ ತಡೆ ಕೊಡಬಹುದು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಎಲ್‌ಜಿ ಎಲೆಕ್ಟ್ರಾನಿಕ್ಸ್ ಪ್ರಕರಣದಲ್ಲಿ ಹೇಳಿದೆ, ಅರ್ಜಿಯಲ್ಲಿ ಅದನ್ನು ಉಲ್ಲೇಖಿಸಿ.

ತಾಯಿಯವರಿಗೆ ಒಂದು ಮಾತು ತಿಳಿಸಿ, ಅವರು ಹೆದರಿರುತ್ತಾರೆ. ಎಲ್ಲವೂ ನಿಮ್ಮ ವಿರುದ್ಧವೇ ಆದರೂ, ವಾರಸುದಾರರ ಹೊಣೆ ತಂದೆಯವರು ಬಿಟ್ಟುಹೋದ ಆಸ್ತಿಯ ಮಿತಿಯೊಳಗೆ ಎಂದು 159ನೇ ಸೆಕ್ಷನ್ ಹೇಳುತ್ತದೆ. ನಿಮ್ಮ ಸಂಬಳ, ತಂಗಿಯ ಗಂಡನ ಮನೆಯ ಆಸ್ತಿ ಇದಕ್ಕೆ ಬರುವುದಿಲ್ಲ. ಆದರೆ ಬಾಕಿ ಇತ್ಯರ್ಥವಾಗುವ ಮೊದಲು ತಂದೆಯ ಆಸ್ತಿಯನ್ನು ಮಾರಿದರೆ ಅಥವಾ ಅಡ ಇಟ್ಟರೆ, ಅಷ್ಟರ ಮಟ್ಟಿಗೆ ಸ್ವಂತ ಹೊಣೆ ಬೀಳುತ್ತದೆ. ಉಳಿದ ಹೊಲದ ವಿಭಾಗಪತ್ರ, ಮಾರಾಟ ಏನಾದರೂ ಮನಸ್ಸಿನಲ್ಲಿದ್ದರೆ ಸದ್ಯಕ್ಕೆ ತಡೆಯಿರಿ.

ನಾಳೆ ಬೆಳಿಗ್ಗೆ ಮೊದಲ ಕೆಲಸ ನಾಡಕಚೇರಿಗೆ ಹೋಗಿ ವಂಶವೃಕ್ಷಕ್ಕೆ ಅರ್ಜಿ ಕೊಡುವುದು. ಅದು, ಮರಣ ಪ್ರಮಾಣಪತ್ರ, ತಂದೆಯ ಪಾನ್, ನಿಮ್ಮ ಪಾನ್ ಇಟ್ಟುಕೊಂಡು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಿಮ್ಮ ಲಾಗಿನ್‌ನಿಂದಲೇ ವಾರಸುದಾರ ಎಂದು ನೋಂದಾಯಿಸಿಕೊಳ್ಳಬೇಕು. ಒಪ್ಪಿಗೆ ಬಂದ ಮೇಲೆ ಹಳೆಯ ನೋಟಿಸ್‌ಗಳೆಲ್ಲ ನಿಮ್ಮ ಕಣ್ಣಿಗೆ ಬೀಳುತ್ತವೆ. ವಂಶವೃಕ್ಷ ತಡವಾಗುವಂತಿದ್ದರೆ 142(1)ರ ಗಡುವಿಗೆ ಕಾಯಬೇಡಿ, ಮರಣ ಪ್ರಮಾಣಪತ್ರದ ನಕಲು ಲಗತ್ತಿಸಿ ಉತ್ತರವನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕಿ, ರಸೀದಿ ಜೋಪಾನ ಮಾಡಿ.